ಆಂಪ್ಲಿಫೈಯರ್ ಆಫ್ ಆದರೆ ಮೊದಲು ವೈರ್ ತೂಗಿ: ರೆಡಿಮೇಡ್ ವೈರಿಂಗ್ ಕಿಟ್‌ಗಳ ವಿಮರ್ಶೆ

ಸಣ್ಣ ದನಿಯಲ್ಲಿ ಗಂಟೆಗಟ್ಟಲೆ ಹಾಡುವ ಕಾರ್ ಆಂಪ್ಲಿಫೈಯರ್, ವಾಲ್ಯೂಮ್ ಏರಿಸಿ ಬೇಸ್ ಗುದ್ದಿದ ತಕ್ಷಣ ಆಫ್ ಆಗುತ್ತದೆ. ಎರಡು ಸೆಕೆಂಡು ಕಳೆದು ತಾನಾಗಿಯೇ ಎದ್ದು ಕೂರುತ್ತದೆ, ಮುಂದಿನ ಗುದ್ದಿಗೆ ಮತ್ತೆ ಮಲಗುತ್ತದೆ. ಹೀಗಾದಾಗ ಹೆಚ್ಚಿನವರು ಆಂಪ್ಲಿಫೈಯರನ್ನೇ ಬಿಚ್ಚಿ ರಿಪೇರಿಗೆ ಒಯ್ಯುತ್ತಾರೆ. ಅಲ್ಲಿ ಬೆಂಚ್ ಮೇಲೆ ಗಟ್ಟಿ ಪವರ್ ಸಪ್ಲೈಗೆ ಜೋಡಿಸಿದರೆ ಅದು ಚೆನ್ನಾಗಿಯೇ ಹಾಡುತ್ತದೆ. ದೋಷ ಇರುವುದು ಅದಕ್ಕೆ ಕರೆಂಟ್ ತರುವ ವೈರಿನಲ್ಲಿ.

ಹಾಗಾಗಿ ಇಲ್ಲಿ ಪರೀಕ್ಷೆಗೆ ಇಟ್ಟಿರುವುದು ಆಂಪ್ಲಿಫೈಯರನ್ನಲ್ಲ, ಅದರ ಜೊತೆ ಕೊಳ್ಳುವ ರೆಡಿಮೇಡ್ ವೈರಿಂಗ್ ಕಿಟ್ಟನ್ನು. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಸುಮಾರು 5 ಮೀಟರ್ ಕೆಂಪು ಪವರ್ ವೈರ್, ಕಾರಿನ ಲೋಹದ ಮೈಗೆ ಬಿಗಿಯುವ ಒಂದು ಮೀಟರಿನಷ್ಟು ಕಪ್ಪು ಗ್ರೌಂಡ್ ವೈರ್, ಫ್ಯೂಸ್ ಹೋಲ್ಡರ್, ಸ್ಟೀರಿಯೋ ಜೊತೆ ಆಂಪ್ಲಿಫೈಯರನ್ನೂ ಆನ್ ಮಾಡುವ ತೆಳುವಾದ ನೀಲಿ ರಿಮೋಟ್ ವೈರ್, ಸ್ಟೀರಿಯೋದಿಂದ ಹಾಡಿನ ಸಿಗ್ನಲ್ ತರುವ ಆರ್.ಸಿ.ಎ. ಕೇಬಲ್, ಒಂದಿಷ್ಟು ಸ್ಪೀಕರ್ ವೈರ್ ಮತ್ತು ಒಂದು ಪೊಟ್ಟಣದಲ್ಲಿ ವೈರಿನ ತುದಿಗೆ ಒತ್ತುವ ಲಗ್‌ಗಳು ಇರುತ್ತವೆ. ಮೂರು ಬಗೆಯ ಕಿಟ್ ಸಿಗುತ್ತವೆ. ಹೊರಗೆ 4 ಗೇಜ್ (ಗೇಜಿನ ಅಂಕಿ ಚಿಕ್ಕದಾದಷ್ಟೂ ವೈರ್ ದಪ್ಪ) ಎಂದು ಬರೆದು ಒಳಗೆ ದಪ್ಪ ಪ್ಲಾಸ್ಟಿಕ್ಕಿನಡಿ ಸಣ್ಣ ಕಂಡಕ್ಟರ್ ಇಟ್ಟಿರುವುದು ಒಂದು. ಗಾತ್ರದಲ್ಲಿ ಪ್ರಾಮಾಣಿಕ, ಆದರೆ ಎಳೆಗಳು ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಆಗಿರುವುದು ಇನ್ನೊಂದು, ಇದಕ್ಕೆ ಸಿ.ಸಿ.ಎ. ಎನ್ನುತ್ತಾರೆ. ಗಾತ್ರವೂ ಸರಿ, ಲೋಹವೂ ಪೂರ್ತಿ ತಾಮ್ರ ಎನ್ನುವುದು ಮೂರನೆಯದು, ಅಂದರೆ ಒ.ಎಫ್.ಸಿ. ಮೊದಲನೆಯದನ್ನು ಯಾವ ಆಂಪ್ಲಿಫೈಯರಿಗೂ ಹಾಕಬಾರದು. ಎರಡನೆಯದು ಸಣ್ಣ ಸೆಟಪ್ಪಿಗೆ ನಡೆಯುತ್ತದೆ. ಮೂರನೆಯದರಲ್ಲಿಯೂ ಒಂದೆರಡು ವಸ್ತುಗಳನ್ನು ತೆಗೆದಿಟ್ಟು ಬೇರೆ ಹಾಕಬೇಕು.

ಏಕೆಂದು ಲೆಕ್ಕ ಹಾಕಿ ನೋಡೋಣ. 500 ವ್ಯಾಟ್ ಆರ್.ಎಂ.ಎಸ್. (ಅಂದರೆ ನಿರಂತರವಾಗಿ) ಕೊಡುವ ಕ್ಲಾಸ್ ಡಿ ಮೊನೋಬ್ಲಾಕ್, ಅಂದರೆ ಒಂದೇ ಚಾನೆಲ್ಲಿನ ಆಂಪ್ಲಿಫೈಯರ್, ಸುಮಾರು ಶೇ. 80 ದಕ್ಷತೆಯಲ್ಲಿ ಕೆಲಸ ಮಾಡುತ್ತದೆ ಎಂದುಕೊಂಡರೆ, 13.8 ವೋಲ್ಟಿನಲ್ಲಿ ಪೂರ್ತಿ ಹೊರೆಗೆ 45 ಆಂಪಿಯರ್ ಎಳೆಯುತ್ತದೆ. ಕ್ಲಾಸ್ ಎಬಿ ಆದರೆ ದಕ್ಷತೆ ಶೇ. 50–60 ಅಷ್ಟೇ, 300 ವ್ಯಾಟಿನ ನಾಲ್ಕು ಚಾನೆಲ್ ಆಂಪ್ಲಿಫೈಯರೇ 40 ಆಂಪಿಯರ್ ಹತ್ತಿರ ಹೋಗುತ್ತದೆ. ಲೆಕ್ಕ ಸುಲಭವಾಗಲಿ ಎಂದು 50 ಆಂಪಿಯರ್ ಹಿಡಿಯೋಣ. ನಿಜವಾದ 4 ಗೇಜ್ ತಾಮ್ರದ ಅಡ್ಡಕೊಯ್ತ 21 ಚದರ ಮಿ.ಮೀ., ರೆಸಿಸ್ಟೆನ್ಸ್ ಮೀಟರಿಗೆ 0.8 ಮಿಲಿಓಮ್. 5 ಮೀಟರಿಗೆ 4 ಮಿಲಿಓಮ್, 50 ಆಂಪಿಯರಿಗೆ 0.2 ವೋಲ್ಟ್ ನಷ್ಟ. ಅದೇ ಗಾತ್ರದ ಸಿ.ಸಿ.ಎ.ಯ ರೆಸಿಸ್ಟೆನ್ಸ್ ಸುಮಾರು ಒಂದೂವರೆ ಪಟ್ಟು ಹೆಚ್ಚು, ನಷ್ಟ 0.3 ವೋಲ್ಟ್. ಇಲ್ಲಿಯವರೆಗೆ ಗಾಬರಿಯಿಲ್ಲ. ಆದರೆ 4 ಗೇಜ್ ಎಂದು ಬರೆದ ವೈರಿನೊಳಗೆ 8 ಗೇಜಿನಷ್ಟೇ ಸಿ.ಸಿ.ಎ. ಇದ್ದರೆ 5 ಮೀಟರಿಗೆ 16 ಮಿಲಿಓಮ್. ನಷ್ಟ 0.8 ವೋಲ್ಟ್.

0.8 ವೋಲ್ಟಿಗೇ ಆಂಪ್ಲಿಫೈಯರ್ ಆಫ್ ಆಗುವುದಿಲ್ಲ. ಅದರ ಜೊತೆಗೆ ಸಡಿಲ ಫ್ಯೂಸ್ ಹೋಲ್ಡರ್, ಸರಿಯಾಗಿ ಒತ್ತದ ಲಗ್, ಪೇಂಟ್ ಮೇಲೆ ಕೂತ ಗ್ರೌಂಡ್ ಎಲ್ಲ ಸೇರಿ ಇನ್ನೊಂದು ವೋಲ್ಟ್ ನುಂಗುತ್ತವೆ. ಇಂಜಿನ್ ಆಫ್ ಮಾಡಿ ಹಾಡು ಕೇಳುತ್ತಿದ್ದೀರಿ ಎಂದಿಟ್ಟುಕೊಳ್ಳಿ: ಹೊರೆ ಬಿದ್ದಾಗ ಬ್ಯಾಟರಿ ತಾನೇ 11.8ಕ್ಕೆ ಇಳಿದಿರುತ್ತದೆ, ಆಂಪ್ಲಿಫೈಯರಿಗೆ ತಲುಪುವುದು 10 ವೋಲ್ಟ್. ಅನೇಕ ಆಂಪ್ಲಿಫೈಯರುಗಳು 9 ರಿಂದ 10.5 ವೋಲ್ಟಿನ ನಡುವೆ ಎಲ್ಲೋ ಒಂದು ಕಡೆ ತಮ್ಮನ್ನು ತಾವೇ ಆಫ್ ಮಾಡಿಕೊಳ್ಳುತ್ತವೆ. ಆಫ್ ಆದ ಕೂಡಲೇ ಹೊರೆ ಇಲ್ಲ, ವೋಲ್ಟೇಜ್ ಮೇಲೇರುತ್ತದೆ, ಮತ್ತೆ ಆನ್. ಬೇಸಿನ ತಾಳಕ್ಕೆ ಸರಿಯಾಗಿ ಆನ್-ಆಫ್ ಆಗುವುದರ ಗುಟ್ಟು ಇದು. ರೆಗ್ಯುಲೇಟೆಡ್ ಪವರ್ ಸಪ್ಲೈ ಇರುವ ಮಾದರಿಗಳಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದು, ವೋಲ್ಟೇಜ್ ಇಳಿದಷ್ಟೂ ಅವು ಹೆಚ್ಚು ಕರೆಂಟ್ ಎಳೆಯುತ್ತವೆ. ಹೆಚ್ಚು ಕರೆಂಟ್ ಎಂದರೆ ವೈರಿನಲ್ಲಿ ಇನ್ನೂ ಹೆಚ್ಚು ನಷ್ಟ.

ಪೆಟ್ಟಿಗೆಯ ಮೇಲಿನ ಗೇಜನ್ನು ನಂಬದೆ ಪರೀಕ್ಷಿಸಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಕೆಂಪು ವೈರಿನ ತುದಿಯಿಂದ 10 ಸೆಂ.ಮೀ. ಕತ್ತರಿಸಿ, ಪ್ಲಾಸ್ಟಿಕ್ ಪೂರ್ತಿ ಸುಲಿದು, ಬರೀ ಎಳೆಗಳನ್ನು ತೂಗಿ. ನಿಜವಾದ 4 ಗೇಜ್ ತಾಮ್ರ 19 ಗ್ರಾಂ ತೂಗುತ್ತದೆ. ಅದೇ ಗಾತ್ರದ ಸಿ.ಸಿ.ಎ. 7 ಗ್ರಾಂ. 8 ಗೇಜಿನ ಸಿ.ಸಿ.ಎ. 3 ಗ್ರಾಂ ಕೂಡ ಮುಟ್ಟುವುದಿಲ್ಲ. ಒಂದು ಎಚ್ಚರ: 8 ಗೇಜಿನ ಶುದ್ಧ ತಾಮ್ರವೂ 7.5 ಗ್ರಾಂ ತೂಗುತ್ತದೆ, ಅಂದರೆ 4 ಗೇಜ್ ಸಿ.ಸಿ.ಎ.ಯ ಹತ್ತಿರವೇ. ಆದ್ದರಿಂದ ಎಳೆಗಳ ಕಟ್ಟಿನ ದಪ್ಪವನ್ನೂ ಅಳೆಯಿರಿ. 4 ಗೇಜಿನ ಕಟ್ಟು ಹಿಸುಕದೆ ಅಳೆದಾಗ 6 ಮಿ.ಮೀ. ಆಸುಪಾಸು ಇರಬೇಕು. ಲೋಹ ಯಾವುದು ಎಂಬ ಅನುಮಾನ ಉಳಿದರೆ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ: ಹೊರಗೆ ಕೆಂಪು, ಒಳಗೆ ಬೆಳ್ಳಿ ಬಣ್ಣ ಕಂಡರೆ ಅಲ್ಯೂಮಿನಿಯಂ. ಹೊರಗೆ ಬೆಳ್ಳಿ, ಒಳಗೆ ಕೆಂಪು ಕಂಡರೆ ಅದು ತವರ ಲೇಪಿಸಿದ ತಾಮ್ರ, ಒಳ್ಳೆಯ ಮಾಲು. ಇದನ್ನೇ ಅಲ್ಯೂಮಿನಿಯಂ ಎಂದು ತಪ್ಪು ತಿಳಿದು ವಾಪಸ್ ಕೊಡುವವರಿದ್ದಾರೆ.

ಪೆಟ್ಟಿಗೆಯ ಮೇಲೆ 1500 ವ್ಯಾಟ್, 3000 ವ್ಯಾಟ್ ಎಂದು ಬರೆದಿರುವುದಕ್ಕೆ ಬೆಲೆ ಕೊಡಬೇಡಿ. ವೈರಿಗೆ ವ್ಯಾಟ್ ಇಲ್ಲ. ಅದಕ್ಕಿರುವುದು ಅಡ್ಡಕೊಯ್ತ, ಉದ್ದ ಮತ್ತು ಲೋಹ.

ಫ್ಯೂಸ್ ಹೋಲ್ಡರಿನ ಬಗ್ಗೆ ಕಟುವಾಗಿಯೇ ಹೇಳಬೇಕು. ಅಗ್ಗದ ಕಿಟ್‌ಗಳಲ್ಲಿ ಬರುವುದು ಗಾಜಿನ ಕೊಳವೆಯ ಎ.ಜಿ.ಯು. ಫ್ಯೂಸ್. ಅದರ ಲೋಹದ ಟೋಪಿಗಳು ಸ್ಪ್ರಿಂಗಿನಂಥ ಹಿಡಿಕೆಯಲ್ಲಿ ತೂಗಾಡುತ್ತಿರುತ್ತವೆ, ತಾಗುವ ಜಾಗ ಬಹಳ ಕಡಿಮೆ. ಅಲ್ಲಿ 10 ಮಿಲಿಓಮ್ ಸೇರಿಕೊಂಡರೆ 50 ಆಂಪಿಯರಿಗೆ ಅರ್ಧ ವೋಲ್ಟ್ ಹೋಯಿತು. ಅದಕ್ಕಿಂತ ಮುಖ್ಯವಾಗಿ ಆ ಒಂದೇ ಬಿಂದುವಿನಲ್ಲಿ 25 ವ್ಯಾಟ್ ಬಿಸಿ ಹುಟ್ಟುತ್ತದೆ. ಸಣ್ಣ ಸೋಲ್ಡರಿಂಗ್ ಐರನ್ ಒಂದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮುಚ್ಚಿದ ಹಾಗೆ. ಹೋಲ್ಡರ್ ಕರಗುತ್ತದೆ, ಸ್ಪ್ರಿಂಗ್ ಬಿಗಿ ಕಳೆದುಕೊಳ್ಳುತ್ತದೆ, ಫ್ಯೂಸ್ ಹಾರದೆಯೇ ಸಂಪರ್ಕ ಬಂದು ಹೋಗಿ ಮಾಡುತ್ತದೆ. ಕಾರು ಗುಂಡಿಗೆ ಇಳಿದಾಗ ಆಂಪ್ಲಿಫೈಯರ್ ಆಫ್ ಆಗುತ್ತದೆ ಎಂದರೆ ಮೊದಲ ಅನುಮಾನ ಇದರ ಮೇಲೆ ಇರಲಿ. ಅರ್ಧ ಗಂಟೆ ಜೋರಾಗಿ ಹಾಡಿಸಿ, ಆಫ್ ಮಾಡಿ, ಹೋಲ್ಡರಿನ ಹೊರಮೈಗೆ ಕೈ ಹತ್ತಿರ ತನ್ನಿ. ಬೆಚ್ಚಗಿರಬಹುದು, ಬೆರಳಿಡಲಾಗದಷ್ಟು ಸುಡಬಾರದು.

ಚಪ್ಪಟೆ ಲೋಹದ ಎ.ಎನ್.ಎಲ್. ಅಥವಾ ಮಿನಿ ಎ.ಎನ್.ಎಲ್. ಫ್ಯೂಸನ್ನು ಬೋಲ್ಟಿನಿಂದ ಬಿಗಿಯುತ್ತಾರೆ, ಈ ತೊಂದರೆ ಬಹುತೇಕ ಇಲ್ಲ. ಫ್ಯೂಸ್ ಎಷ್ಟು ಆಂಪಿಯರಿನದ್ದಿರಬೇಕೆಂಬುದನ್ನು ವೈರ್ ನೋಡಿ ತೀರ್ಮಾನಿಸಬೇಕು, ಏಕೆಂದರೆ ಬ್ಯಾಟರಿ ಹತ್ತಿರದ ಫ್ಯೂಸ್ ಕಾಯುವುದು ವೈರನ್ನು. ತಾಮ್ರದ 4 ಗೇಜಿಗೆ 100 ಆಂಪಿಯರ್ ಸುರಕ್ಷಿತ. 8 ಗೇಜ್ ಗಾತ್ರದ ಸಿ.ಸಿ.ಎ.ಗೆ 40 ದಾಟಬಾರದು. ಕಳಪೆ ಕಿಟ್ಟಿನಲ್ಲಿ ಇಂಥ ವೈರಿನ ಜೊತೆಗೇ 80 ಅಥವಾ 100 ಆಂಪಿಯರಿನ ಫ್ಯೂಸ್ ಇಟ್ಟಿರುತ್ತಾರೆ. ಎಲ್ಲೋ ತಗಡಿಗೆ ಉಜ್ಜಿ ಶಾರ್ಟ್ ಆದರೆ ಫ್ಯೂಸ್ ಹಾರುವ ಮೊದಲು ವೈರೇ ಹೊತ್ತಿಕೊಳ್ಳಬಹುದು. ಇದು ಹಾಡಿನ ಗುಣಮಟ್ಟದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಹೋಲ್ಡರ್ ಬ್ಯಾಟರಿಯಿಂದ 45 ಸೆಂ.ಮೀ. ಒಳಗೇ ಇರಬೇಕು. ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ತೂತಿಗೆ ರಬ್ಬರ್ ಗ್ರಾಮೆಟ್ ಹಾಕದೆ ವೈರ್ ಎಳೆಯಲೇಬಾರದು. ಬಹಳಷ್ಟು ಕಿಟ್‌ಗಳಲ್ಲಿ ಈ ಪುಟ್ಟ ರಬ್ಬರೇ ಇರುವುದಿಲ್ಲ.

ಗ್ರೌಂಡ್ ವೈರ್ ವಿಷಯದಲ್ಲಿ ಒಳ್ಳೆಯ ಕಿಟ್‌ಗಳೂ ಎಡವುತ್ತವೆ. ಕೆಲವರು ಕೆಂಪನ್ನು 4 ಗೇಜ್ ಇಟ್ಟು ಕಪ್ಪನ್ನು ಒಂದು ದರ್ಜೆ ಸಣ್ಣದು ಇಡುತ್ತಾರೆ. ಹೋದಷ್ಟೇ ಕರೆಂಟ್ ವಾಪಸ್ ಬರಬೇಕು, ಆದ್ದರಿಂದ ಎರಡೂ ಒಂದೇ ದಪ್ಪ ಇರಲೇಬೇಕು. ಉದ್ದ ಅರ್ಧ ಮೀಟರ್ ಮೀರದಿರಲಿ. ಕಿಟ್ಟಿನಲ್ಲಿ ಒಂದು ಮೀಟರ್ ಕೊಟ್ಟಿದ್ದಾರೆಂದು ಸುರುಳಿ ಸುತ್ತಿ ಇಡದೆ ಕತ್ತರಿಸಿ. ಬಿಗಿಯುವ ಜಾಗದಲ್ಲಿ ಪೇಂಟ್ ಮತ್ತು ಪ್ರೈಮರ್ ಎರಡನ್ನೂ ಉಜ್ಜಿ ಹೊಳೆಯುವ ಲೋಹ ಕಾಣುವಂತೆ ಮಾಡಿ, ಸ್ಟಾರ್ ವಾಷರ್ ಹಾಕಿ ನಟ್-ಬೋಲ್ಟಿನಿಂದ ಬಿಗಿದು, ಆಮೇಲೆ ಮೇಲಿನಿಂದ ಪೇಂಟ್ ಅಥವಾ ಗ್ರೀಸ್ ಬಳಿಯಿರಿ, ಇಲ್ಲವಾದರೆ ತುಕ್ಕು ಹಿಡಿಯುತ್ತದೆ. ಸೀಟ್ ಬೆಲ್ಟಿನ ಬೋಲ್ಟನ್ನು ಗ್ರೌಂಡಿಗೆ ಬಳಸಬೇಡಿ. ಅದು ಸುರಕ್ಷತೆಯ ಬೋಲ್ಟ್, ಬಿಚ್ಚಿ ಕಟ್ಟುವಂಥದ್ದಲ್ಲ. ಮೇಲಾಗಿ ಅದರ ಥ್ರೆಡ್ಡಿಗೆ ಹಚ್ಚಿದ ಅಂಟು ಕರೆಂಟಿಗೆ ಅಡ್ಡಿ.

ಪೊಟ್ಟಣದ ಲಗ್‌ಗಳು ತೆಳು ತಗಡಿನವು, ವೈರಿಗಿಂತ ದೊಡ್ಡ ಬಾಯಿ. ಕಟಿಂಗ್ ಪ್ಲೇಯರಿನಲ್ಲಿ ಒತ್ತಿದರೆ ಹೊರಗೆ ಬಿಗಿಯಾದಂತೆ ಕಂಡು ಒಳಗೆ ಎಳೆಗಳು ಅಲುಗಾಡುತ್ತವೆ. ದಪ್ಪ ತಾಮ್ರದ ಲಗ್ ಬೇರೆ ತಂದು, ಆರುಮೂಲೆಯ ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿಸಿ, ಹೀಟ್ ಶ್ರಿಂಕ್ ಹಾಕಿ. ಒತ್ತಿದ ಮೇಲೆ ಜೋರಾಗಿ ಎಳೆದು ನೋಡಿ. ಆಂಪ್ಲಿಫೈಯರಿನ ಸ್ಕ್ರೂ ಟರ್ಮಿನಲ್ಲಿಗೆ ಹೋಗುವ ತುದಿಗೆ ಬೆಸುಗೆ ಹಾಕಿ ಗಟ್ಟಿ ಮಾಡುವ ಅಭ್ಯಾಸ ಕೆಲವರಿಗಿದೆ, ಅದು ತಪ್ಪು. ಬೆಸುಗೆ ಮೆದು ಲೋಹ, ಸ್ಕ್ರೂ ಒತ್ತಡಕ್ಕೆ ನಿಧಾನವಾಗಿ ಹರಡಿ ಸಡಿಲವಾಗುತ್ತದೆ. ಅಲ್ಲಿಗೆ ತಾಮ್ರದ ಫೆರುಲ್, ಅಂದರೆ ಎಳೆಗಳನ್ನು ಹಿಡಿದಿಡುವ ಪುಟ್ಟ ಕೊಳವೆ, ಹಾಕಬೇಕು. ಸಿ.ಸಿ.ಎ. ವೈರಿಗೂ ಇದೇ ಕಾಯಿಲೆ: ಅಲ್ಯೂಮಿನಿಯಂ ಒತ್ತಡಕ್ಕೆ ಸರಿಯುತ್ತದೆ, ಗಾಳಿ ತಾಗಿದಲ್ಲಿ ಕರೆಂಟ್ ಬಿಡದ ಪದರ ಕಟ್ಟುತ್ತದೆ. ಹಾಕಿದ ದಿನ ಚೆನ್ನಾಗಿದ್ದು ಕೆಲವು ತಿಂಗಳ ಮೇಲೆ ಆಫ್ ಆಗತೊಡಗುವ ಸೆಟಪ್ಪುಗಳಲ್ಲಿ ಮೊದಲು ಸ್ಕ್ರೂಗಳನ್ನು ಬಿಗಿ ಮಾಡಿ ನೋಡಿ.

ಕಿಟ್ಟೇ ತಪ್ಪಿತಸ್ಥ ಎಂದು ಖಚಿತಪಡಿಸಿಕೊಳ್ಳಲು ಸಾಧಾರಣ ಮಲ್ಟಿಮೀಟರ್ ಸಾಕು, ಆದರೆ ಓಮ್ ಸೆಟ್ಟಿಂಗಿನಲ್ಲಿ ಅಳೆಯಬೇಡಿ. ಮಿಲಿಓಮ್‌ಗಳನ್ನು ಅದು ಕಾಣಲಾರದು. ಕೆಟ್ಟ ಗ್ರೌಂಡಿಗೂ ಒಳ್ಳೆಯ ಗ್ರೌಂಡಿಗೂ ಒಂದೇ 0.3 ತೋರಿಸುತ್ತದೆ. ಡಿಸಿ ವೋಲ್ಟಿಗೆ ಇಟ್ಟು, ಇಂಜಿನ್ ಓಡುತ್ತಿರುವಾಗ, ಆಂಪ್ಲಿಫೈಯರ್ ಆಫ್ ಆಗುವುದಕ್ಕಿಂತ ತುಸು ಕಡಿಮೆ ವಾಲ್ಯೂಮಿನಲ್ಲಿ 50 ಹರ್ಟ್ಸ್ ಟೆಸ್ಟ್ ಟೋನ್ ಕೆಲವೇ ಸೆಕೆಂಡು ಹಾಡಿಸಿ ಅಳೆಯಿರಿ. ಹಾಡಿಗಿಂತ ಟೋನ್ ಒಳ್ಳೆಯದು, ಮೀಟರಿನ ಅಂಕಿ ಕುಣಿಯುವುದಿಲ್ಲ. ಮೊದಲು ಬ್ಯಾಟರಿಯ ಎರಡು ಕಂಬಗಳ ನಡುವೆ: 13.5ಕ್ಕಿಂತ ಮೇಲಿದ್ದರೆ ಬ್ಯಾಟರಿ, ಆಲ್ಟರ್ನೇಟರ್ ಸರಿಯಿವೆ. ಆಮೇಲೆ ಉದ್ದದ ಪ್ರೋಬ್ ವೈರ್ ಬಳಸಿ ಬ್ಯಾಟರಿಯ ಪ್ಲಸ್ಸಿನಿಂದ ಆಂಪ್ಲಿಫೈಯರಿನ ಪ್ಲಸ್ಸಿಗೆ. ಇಲ್ಲಿ ಬರುವ ಅಂಕಿಯೇ ಕೆಂಪು ವೈರ್, ಫ್ಯೂಸ್, ಲಗ್ ಸೇರಿ ತಿಂದ ವೋಲ್ಟ್. 0.4 ದಾಟಿದರೆ ಒಂದೊಂದೇ ತುಂಡನ್ನು ಹೀಗೆಯೇ ಅಳೆಯಿರಿ. ಫ್ಯೂಸಿನ ಆ ಕಡೆ ಈ ಕಡೆ ಇಟ್ಟಾಗ 0.1ಕ್ಕಿಂತ ಹೆಚ್ಚು ಬಂದರೆ ಹೋಲ್ಡರ್ ಬದಲಿಸಿ. ಕೊನೆಗೆ ಆಂಪ್ಲಿಫೈಯರಿನ ಗ್ರೌಂಡ್ ಟರ್ಮಿನಲ್ಲಿನಿಂದ ಬ್ಯಾಟರಿಯ ಮೈನಸ್ಸಿಗೆ. 0.2ರೊಳಗೆ ಇರಬೇಕು. ಹೆಚ್ಚಿದ್ದರೆ ಬ್ಯಾಟರಿ ಕಡೆಯ ಪ್ರೋಬನ್ನು ತೆಗೆದು ಗ್ರೌಂಡ್ ಬೋಲ್ಟ್ ಪಕ್ಕದ ಬರಿ ಲೋಹಕ್ಕೆ ಇಡಿ: ನಷ್ಟ ಅಲ್ಲೇ ಕಂಡರೆ ನಿಮ್ಮ ಜೋಡಣೆ ಸರಿಯಿಲ್ಲ, ಕಾಣದಿದ್ದರೆ ಬ್ಯಾಟರಿ ಮೈನಸ್ಸಿನಿಂದ ಕಾರಿನ ಬಾಡಿಯ ತಗಡಿಗೆ ಹೋಗುವ ಮೂಲ ವೈರ್ ಸಡಿಲ.

ರಿಮೋಟ್ ವೈರ್ ತೆಳುವಾಗಿದ್ದರೂ ಪರವಾಗಿಲ್ಲ, ಅದರಲ್ಲಿ ಹರಿಯುವುದು ಅತ್ಯಲ್ಪ ಕರೆಂಟ್. ತೊಂದರೆ ಬರುವುದು ಜೋಡಣೆಯಲ್ಲಿ. ಸ್ಟೀರಿಯೋದ ಹಿಂದೆ ಪೂರ್ತಿ ನೀಲಿ ವೈರ್ ಆಂಟೆನಾದ್ದು, ನೀಲಿ ಮೇಲೆ ಬಿಳಿ ಗೆರೆ ಇರುವುದು ಆಂಪ್ಲಿಫೈಯರಿನದ್ದು. ಆಂಟೆನಾ ವೈರಿಗೆ ಕಟ್ಟಿದರೆ ಅನೇಕ ಸ್ಟೀರಿಯೋಗಳಲ್ಲಿ ರೇಡಿಯೋ ಇರುವಷ್ಟು ಹೊತ್ತು ಆಂಪ್ಲಿಫೈಯರ್ ಆನ್, ಯುಎಸ್‌ಬಿಗೆ ಬದಲಿಸಿದೊಡನೆ ಆಫ್. ಇದಕ್ಕೂ ವೋಲ್ಟೇಜ್ ಇಳಿಕೆಗೂ ವ್ಯತ್ಯಾಸ ಲೈಟ್ ನೋಡಿದರೆ ಗೊತ್ತಾಗುತ್ತದೆ. ಆಫ್ ಆದಾಗ ಕೆಂಪು ಪ್ರೊಟೆಕ್ಟ್ ಎಲ್‌ಇಡಿ ಹೊತ್ತಿದರೆ ಆಂಪ್ಲಿಫೈಯರ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಯಾವ ಲೈಟೂ ಇಲ್ಲದಿದ್ದರೆ ರಿಮೋಟ್ ಅಥವಾ ಮುಖ್ಯ ಪವರ್ ತಪ್ಪಿದೆ. ಆಗ ಆಂಪ್ಲಿಫೈಯರಿನ ಪ್ಲಸ್ ಟರ್ಮಿನಲ್ಲಿನಿಂದ ರಿಮೋಟ್ ಟರ್ಮಿನಲ್ಲಿಗೆ, ಮೊದಲಿನ ರಿಮೋಟ್ ವೈರ್ ತೆಗೆದು, ಚಿಕ್ಕ ತುಂಡು ವೈರ್ ಹಾಕಿ ನೋಡಿ. ಆಫ್ ಆಗುವುದು ನಿಂತರೆ ದೋಷ ಸ್ಟೀರಿಯೋ ಕಡೆಯದು. ಪರೀಕ್ಷೆ ಮುಗಿದ ಕೂಡಲೇ ಆ ತುಂಡನ್ನು ತೆಗೆಯಿರಿ, ಬಿಟ್ಟರೆ ಬ್ಯಾಟರಿ ಖಾಲಿ.

ಆರ್.ಸಿ.ಎ. ಕೇಬಲ್ ಬಗ್ಗೆ ಹೇಳುವುದು ಕಡಿಮೆ. ಕಳಪೆಯಾದರೆ ಗುಂಯ್ ಸದ್ದು ಬರುತ್ತದೆ, ಆಫ್ ಆಗಲು ಅದು ಕಾರಣವಾಗುವುದು ಅಪರೂಪ.

ಸ್ಪೀಕರ್ ವೈರ್ ಹಾಗಲ್ಲ. ಕಿಟ್ಟಿನ ವೈರಿನಲ್ಲಿ ಕೂದಲಿನಂಥ ಎಳೆಗಳು. ಟರ್ಮಿನಲ್ಲಿನಲ್ಲಿ ಒಂದು ಎಳೆ ಹೊರಚಾಚಿ ಪಕ್ಕದ ಸ್ಕ್ರೂ ಮುಟ್ಟಿದರೂ ಪ್ರೊಟೆಕ್ಟ್ ಹೊತ್ತುತ್ತದೆ. ಬಾಗಿಲಿನ ಸಂದಿಯಲ್ಲಿ ಸಿಪ್ಪೆ ಸುಲಿದು ಕಾರಿನ ಬಾಡಿಯ ತಗಡಿಗೆ ತಾಗುವುದೂ ಸಾಮಾನ್ಯ, ಆಗ ಬಾಗಿಲು ತೆರೆದಾಗ ಒಂದು ರೀತಿ, ಮುಚ್ಚಿದಾಗ ಒಂದು ರೀತಿ. ಎಲ್ಲ ಸ್ಪೀಕರ್ ವೈರ್ ಬಿಚ್ಚಿ ಆನ್ ಮಾಡಿ. ಪ್ರೊಟೆಕ್ಟ್ ಹೋದರೆ ಪ್ರತಿ ಸಲ ಆಫ್ ಮಾಡಿ ಒಂದೊಂದೇ ಜೋಡಿಸುತ್ತ ಬನ್ನಿ. ಬಿಚ್ಚಿದ ಪ್ರತಿ ವೈರಿಗೂ ಬಾಡಿಗೂ ನಡುವೆ ಓಮ್ ಸೆಟ್ಟಿಂಗಿನಲ್ಲಿ ಮೀಟರ್ ಯಾವ ಸಂಪರ್ಕವನ್ನೂ ತೋರಿಸಬಾರದು.

ಇದೇ ಹೊತ್ತಿಗೆ ಓಮ್ ಅಳೆದುಬಿಡಿ. 4 ಓಮ್ ಸ್ಪೀಕರ್ ಮೀಟರಿನಲ್ಲಿ 3.2 ರಿಂದ 3.6 ತೋರಿಸುತ್ತದೆ. ಎರಡು 4 ಓಮ್ ಕಾಯಿಲ್ ಇರುವ ಸಬ್‌ವೂಫರನ್ನು ಪ್ಯಾರಲಲ್ ಕಟ್ಟಿದರೆ 2 ಓಮ್, ಸೀರೀಸಿನಲ್ಲಿ 8. ಎರಡು 2 ಓಮ್ ಕಾಯಿಲ್ ಆದರೆ 1 ಅಥವಾ 4. ನಾಲ್ಕು ಚಾನೆಲ್ ಆಂಪ್ಲಿಫೈಯರಿನ ಎರಡು ಚಾನೆಲ್ ಬ್ರಿಡ್ಜ್ ಮಾಡಿದಾಗ (ಒಂದಾಗಿ ಸೇರಿಸಿದಾಗ) ಸಾಮಾನ್ಯವಾಗಿ 4 ಓಮಿಗಿಂತ ಕೆಳಗೆ ಹೋಗುವಂತಿಲ್ಲ. ಅಲ್ಲಿಗೆ 2 ಓಮ್ ಕಟ್ಟಿ ಆಮೇಲೆ ವೈರಿಂಗ್ ಕಿಟ್ ಬೈದರೆ ನ್ಯಾಯವಲ್ಲ. 20–30 ನಿಮಿಷ ಹಾಡಿದ ಮೇಲೆ ಆಫ್ ಆಗಿ, ತಣ್ಣಗಾಗಲು ಹತ್ತು ನಿಮಿಷ ತೆಗೆದುಕೊಂಡು ಮತ್ತೆ ಹಾಡಿದರೆ ಅದು ಬಿಸಿ. ಸೀಟಿನಡಿ ಕಾರ್ಪೆಟ್ಟಿನಲ್ಲಿ ಹೂತಿದ್ದರೆ, ಡಿಕ್ಕಿಯಲ್ಲಿ ಬ್ಯಾಗುಗಳಡಿ ಸಿಕ್ಕಿದ್ದರೆ ಗಾಳಿಗೆ ಜಾಗ ಕೊಡಿ. ಗೇನ್, ಅಂದರೆ ಆಂಪ್ಲಿಫೈಯರಿನ ಇನ್‌ಪುಟ್ ಮಟ್ಟ, ಅತಿಯಾಗಿ ಏರಿಸಿದ್ದರೂ ಬಿಸಿಯೇ. ಅದನ್ನು ಹೊಂದಿಸುವಾಗ ಸ್ಪೀಕರ್ ಬಿಚ್ಚಿ, ಸ್ಟೀರಿಯೋದ ಈಕ್ವಲೈಸರ್ ಸಮ ಮಾಡಿ, ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, ಟೋನ್ ಹಾಡಿಸಿ ಔಟ್‌ಪುಟ್ಟಿನಲ್ಲಿ ಎಸಿ ವೋಲ್ಟ್ ಅಳೆಯಿರಿ. ವ್ಯಾಟನ್ನು ಓಮಿನಿಂದ ಗುಣಿಸಿ ವರ್ಗಮೂಲ ತೆಗೆದರೆ ಬೇಕಾದ ಅಂಕಿ ಸಿಗುತ್ತದೆ: 75 ವ್ಯಾಟ್ 4 ಓಮಿಗೆ 17.3 ವೋಲ್ಟ್, 500 ವ್ಯಾಟ್ 2 ಓಮಿಗೆ 31.6.

ಪ್ಲಸ್, ಗ್ರೌಂಡ್, ರಿಮೋಟ್ ಮೂರೇ ಇಟ್ಟು, ಸ್ಪೀಕರ್ ಮತ್ತು ಆರ್.ಸಿ.ಎ. ಎಲ್ಲ ಬಿಚ್ಚಿ, 12 ವೋಲ್ಟಿಗಿಂತ ಹೆಚ್ಚು ಸಿಗುತ್ತಿದ್ದರೂ ಪ್ರೊಟೆಕ್ಟ್ ಹೋಗದಿದ್ದರೆ ಮಾತ್ರ ಆಂಪ್ಲಿಫೈಯರ್ ರಿಪೇರಿಗೆ. ಬಹುಪಾಲು ಒಳಗಿನ ಔಟ್‌ಪುಟ್ ಟ್ರಾನ್ಸಿಸ್ಟರ್ ಅಥವಾ ಪವರ್ ಸಪ್ಲೈಯ ಮಾಸ್‌ಫೆಟ್ ಶಾರ್ಟ್ ಆಗಿರುತ್ತದೆ.

ಕೆಲವು ದುಬಾರಿ ಕಿಟ್‌ಗಳ ಜೊತೆ 1 ಫ್ಯಾರಡ್ ಕೆಪಾಸಿಟರ್ ಕೊಡುತ್ತಾರೆ, ಆಫ್ ಆಗುವುದಕ್ಕೆ ಇದೇ ಔಷಧ ಎನ್ನುತ್ತಾರೆ. 1 ಫ್ಯಾರಡ್ ಕೆಪಾಸಿಟರ್ ಒಂದು ವೋಲ್ಟ್ ಇಳಿಯುವಷ್ಟರಲ್ಲಿ 50 ಆಂಪಿಯರನ್ನು ಸೆಕೆಂಡಿನ ಐವತ್ತನೇ ಒಂದು ಭಾಗ ಮಾತ್ರ ಕೊಡಬಲ್ಲದು. ಬೇಸಿನ ಒಂದು ಗುದ್ದು ಅದಕ್ಕಿಂತ ಬಹಳ ಉದ್ದ. ಆ ಹಣದಲ್ಲಿ ತಾಮ್ರದ ವೈರ್ ಕೊಳ್ಳಿ.

ಒಟ್ಟು 300 ವ್ಯಾಟ್ ಆರ್.ಎಂ.ಎಸ್. ಒಳಗಿನ ಕ್ಲಾಸ್ ಡಿ ಸೆಟಪ್ಪಿಗೆ 8 ಗೇಜ್ ಒ.ಎಫ್.ಸಿ. ಅಥವಾ ಗಾತ್ರ ನಿಜವಿರುವ 4 ಗೇಜ್ ಸಿ.ಸಿ.ಎ. ಸಾಕು. 1000 ವ್ಯಾಟಿನವರೆಗೆ 4 ಗೇಜ್ ಒ.ಎಫ್.ಸಿ., ಅದಕ್ಕೂ ಮೇಲೆ ಇನ್ನೂ ದಪ್ಪದ 1/0 ಗೇಜ್. ಕ್ಲಾಸ್ ಎಬಿ ಆದರೆ ಒಂದು ದರ್ಜೆ ದಪ್ಪದ್ದು ಹಿಡಿಯಿರಿ. ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು ಆಂಪ್ಲಿಫೈಯರಿನ ಪೆಟ್ಟಿಗೆಯ ಮೇಲಿನ ದಪ್ಪ ಅಕ್ಷರದ ವ್ಯಾಟನ್ನಲ್ಲ, ಕೈಪಿಡಿಯಲ್ಲಿರುವ ಆರ್.ಎಂ.ಎಸ್. ವ್ಯಾಟನ್ನು, ಅದು ಸಿಗದಿದ್ದರೆ ಆಂಪ್ಲಿಫೈಯರಿನ ಮೈಮೇಲಿನ ಫ್ಯೂಸ್‌ಗಳನ್ನು ಕೂಡಿಸಿ. ಎರಡು 30 ಆಂಪಿಯರ್ ಇದ್ದರೆ ಅದು ಎಳೆಯುವುದು ಹೆಚ್ಚೆಂದರೆ 60 ಎಂದು ಹಿಡಿದು ವೈರ್ ಆರಿಸಬಹುದು. ಕಿಟ್ ತಂದ ದಿನವೇ ತುದಿಯ ಆ 10 ಸೆಂ.ಮೀ. ತೂಗಿ ನೋಡಿ, ಉಳಿದ ವೈರನ್ನು ಅಳತೆಗೆ ಕತ್ತರಿಸಿ ಕಾರಿಗೆ ಹಾಕಿದ ಮೇಲೆ ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದು ಕಷ್ಟ.